ಕಲೆ ಕುಡಿದ ಹರಳು

ಆಕಾಶನೀಲಿ ಬಣ್ಣದ ಒಂದು ಫಿರೋಜಾ ಹರಳು. ಬೆಳ್ಳಿಯ ಉಂಗುರಕ್ಕೆ ಕೂರಿಸಿ ಆಗಿತ್ತು. ಬೆಳ್ಳಿಗೆ ಕೊನೆಯ ಹೊಳಪು ಕೊಡುವುದಷ್ಟೇ ಬಾಕಿ. ತಿರುಗುವ ಬಟ್ಟೆಯ ಬಫ್ ಚಕ್ರಕ್ಕೆ ರೂಜ್ ಎಂಬ ಕೆಂಪು ಪಾಲಿಶ್ ಹಚ್ಚಿ ಉಂಗುರ ಹಿಡಿದೆ. ಎರಡು ನಿಮಿಷದಲ್ಲಿ ಬೆಳ್ಳಿ ಕನ್ನಡಿಯಂತಾಯಿತು. ಆದರೆ ಹರಳಿನ ನೀಲಿಯ ಮೇಲೆ ಕಂದುಗೆಂಪು ಮಬ್ಬು ಕೂತಿತ್ತು. ಗಾಬರಿಯಲ್ಲಿ ಸೋಪುನೀರು ಹಾಕಿ ಬ್ರಶ್ಶಿನಿಂದ ಚೆನ್ನಾಗಿ ತಿಕ್ಕಿದೆ. ಮಬ್ಬು ಹೋಗಲಿಲ್ಲ. ಮೊದಲು ಒಂದು ಅಂಚಿನಲ್ಲಿದ್ದದ್ದು ಈಗ ಅರ್ಧ ಹರಳಿಗೆ ಹರಡಿತ್ತು.

ಒಡವೆ ಮಾಡಲು ಹೊಸದಾಗಿ ಕಲಿಯುತ್ತಿರುವ ಹೆಚ್ಚಿನವರಿಗೆ ಇಂಥ ಒಂದು ದಿನ ಬರುತ್ತದೆ. ವಜ್ರ, ಮಾಣಿಕ್ಯ, ನೀಲ ಇವುಗಳಲ್ಲಿ ಕೆಲಸ ಮಾಡಿ ಅಭ್ಯಾಸವಾದವರಿಗೂ ಬರುತ್ತದೆ. ಆ ಹರಳುಗಳ ಮೇಲೆ ಏನು ಬಿದ್ದರೂ ಒರೆಸಿದರೆ ಹೋಗುತ್ತದೆ. ಫಿರೋಜಾ, ಹವಳ, ಮುತ್ತು, ಕೆಲವು ಬಗೆಯ ಓಪಲ್, ಕಡುನೀಲಿ ಲ್ಯಾಪಿಸ್, ಬಿಳಿ ಹೌಲೈಟ್ ಹಾಗಲ್ಲ. ಇವು ಕುಡಿಯುವ ಕಲ್ಲುಗಳು. ಕಣ್ಣಿಗೆ ನುಣ್ಣಗೆ ಕಂಡರೂ ಇವುಗಳ ಮೈಯಲ್ಲಿ ಸಣ್ಣ ಸಣ್ಣ ತೂತು, ಸಂದು, ಬಿರುಕು ಇರುತ್ತವೆ. ಬಿದ್ದದ್ದು ಮೇಲೆ ನಿಲ್ಲುವುದಿಲ್ಲ, ಒಳಗೆ ಇಳಿಯುತ್ತದೆ.

ಇಳಿಯುವುದು ಹೇಗೆ ಅಂತ ತಿಳಿದರೆ ತೆಗೆಯುವುದೂ ಅರ್ಧ ತಿಳಿದ ಹಾಗೆ. ದೀಪದ ಬತ್ತಿಯನ್ನು ನೋಡಿ. ಎಣ್ಣೆ ಕೆಳಗಿದೆ, ಉರಿ ಮೇಲಿದೆ. ಯಾರೂ ಎತ್ತದೆ ಎಣ್ಣೆ ತಾನೇ ಮೇಲೇರುತ್ತದೆ. ಬತ್ತಿಯ ಎಳೆಗಳ ನಡುವಿನ ಕಿರಿದಾದ ಸಂದುಗಳು ಅದನ್ನು ಎಳೆದುಕೊಳ್ಳುತ್ತವೆ. ಸಂದು ಕಿರಿದಾದಷ್ಟೂ ಎಳೆತ ಜಾಸ್ತಿ. ಕುಡಿಯುವ ಹರಳಿನೊಳಗೂ ಇದೇ ನಡೆಯುತ್ತದೆ. ಅಲ್ಲಿನ ಸಂದುಗಳು ಬತ್ತಿಯ ಸಂದುಗಳಿಗಿಂತ ಎಷ್ಟೋ ಪಾಲು ಕಿರಿದು. ಹಾಗಾಗಿ ಒಂದು ಹನಿ ಎಣ್ಣೆ ಬಿದ್ದರೂ ಕಲ್ಲು ಅದನ್ನು ಸೆಳೆದುಕೊಂಡುಬಿಡುತ್ತದೆ.

ಇದು ಚೆನ್ನಾಗಿ ಕಾಣುವುದು ಓಪಲ್‌ನಲ್ಲಿ. ಓಪಲ್ ಎಂದರೆ ಸಿಲಿಕಾದ ಅತಿ ಸಣ್ಣ ಗುಂಡುಗಳ ರಾಶಿ. ಕಿತ್ತಳೆ ಜೋಡಿಸಿಟ್ಟ ಹಾಗೆ ಅವು ಸಾಲಾಗಿ ಕೂತಿರುತ್ತವೆ. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡರು. ಆ ಗುಂಡುಗಳ ಅಳತೆ ಮತ್ತು ಸಾಲಿನಿಂದಲೇ ಓಪಲ್‌ನ ಬಣ್ಣದಾಟ ಬರುತ್ತದೆ. ಗುಂಡುಗಳ ನಡುವೆ ಜಾಗ ಉಳಿಯುತ್ತದೆ ಅಲ್ವಾ? ಆಸ್ಟ್ರೇಲಿಯಾದ ಹೆಚ್ಚಿನ ಓಪಲ್‌ಗಳಲ್ಲಿ ಆ ಜಾಗ ಬಹುಮಟ್ಟಿಗೆ ತುಂಬಿರುತ್ತದೆ. ಇಥಿಯೋಪಿಯಾದ ವೆಲೋ ಪ್ರದೇಶದಲ್ಲಿ 2008ರಲ್ಲಿ ಸಿಕ್ಕ ಓಪಲ್‌ಗಳಲ್ಲಿ ಆ ಜಾಗ ಹೆಚ್ಚಾಗಿ ಖಾಲಿ. ಅಂಥ ಓಪಲ್ಲನ್ನು ನೀರಿಗೆ ಹಾಕಿದರೆ ಬಿಳಿ ಕಲ್ಲು ನಿಧಾನಕ್ಕೆ ಗಾಜಿನಂತಾಗುತ್ತದೆ, ಬಣ್ಣದಾಟವೂ ಮಂಕಾಗಬಹುದು. ಬಿಳಿ ಪಂಚೆ ಒದ್ದೆಯಾದಾಗ ಆಚೆಯದು ಕಾಣುವುದಿಲ್ಲವೇ, ಕಾರಣ ಅದೇ. ಸಂದಿನಲ್ಲಿದ್ದ ಗಾಳಿ ಹೋಗಿ ನೀರು ತುಂಬಿತು, ಬೆಳಕು ಚದುರುವುದು ಕಡಿಮೆಯಾಯಿತು. ಒಣಗಿದರೆ ಹಳೆಯ ರೂಪ ಬರುತ್ತದೆ. ಆದರೆ ನೀರಿನ ಜೊತೆ ಚಹಾದ ಬಣ್ಣವೋ ಎಣ್ಣೆಯೋ ಹೋಗಿದ್ದರೆ? ನೀರು ಆರಿ ಹೋಗುತ್ತದೆ, ಬಣ್ಣ ಒಳಗೇ ಉಳಿಯುತ್ತದೆ.

ವ್ಯಾಪಾರದವರು ಈ ಗುಣವನ್ನು ಬೇಕೆಂದೇ ಬಳಸುತ್ತಾರೆ. ಜರ್ಮನಿಯ ಇಡಾರ್-ಓಬರ್‌ಸ್ಟೈನ್ ಊರಿನಲ್ಲಿ 19ನೇ ಶತಮಾನದಿಂದ ಅಗೇಟ್ ಕಲ್ಲಿಗೆ ಬಣ್ಣ ಕುಡಿಸುತ್ತಾ ಬಂದಿದ್ದಾರೆ. ಕಪ್ಪು ಬೇಕಾದರೆ ಕಲ್ಲನ್ನು ಸಕ್ಕರೆ ನೀರಿನಲ್ಲಿ ನೆನೆಸಿ, ಆಮೇಲೆ ಸಲ್ಫ್ಯೂರಿಕ್ ಆಮ್ಲದಲ್ಲಿ ಇಡುತ್ತಾರೆ. ಒಳಗೆ ಹೋದ ಸಕ್ಕರೆ ಅಲ್ಲೇ ಇದ್ದಿಲಾಗುತ್ತದೆ. ಆಸ್ಟ್ರೇಲಿಯಾದ ಆಂಡಮೂಕಾ ಓಪಲ್‌ಗೂ ಇದೇ ಉಪಾಯ. ಬಿಳಿ ಹೌಲೈಟ್‌ಗೆ ನೀಲಿ ಕುಡಿಸಿ ಫಿರೋಜಾದಂತೆ ಮಾಡುತ್ತಾರೆ. ವೆಲೋ ಓಪಲ್‌ಗೆ ನೇರಳೆ ಕುಡಿಸಿದ ಹರಳುಗಳು 2011ರಲ್ಲಿ ಮಾರುಕಟ್ಟೆಯಲ್ಲಿ ಕಂಡವು. ಬಣ್ಣ ಹಾಕುವುದಕ್ಕೂ ಕಲೆ ಆಗುವುದಕ್ಕೂ ದಾರಿ ಒಂದೇ. ಒಂದನ್ನು ಬೇಕೆಂದು ಮಾಡುತ್ತೇವೆ, ಇನ್ನೊಂದು ಬೇಡವೆಂದರೂ ಆಗುತ್ತದೆ.

ಅದಕ್ಕೇ ಕಲೆ ತೆಗೆಯುವ ಮೊದಲು ಹರಳಿನ ಬೆನ್ನಿನಲ್ಲಿ, ಕಾಣದ ಜಾಗದಲ್ಲಿ, ಹತ್ತಿಯ ಕಡ್ಡಿಯಿಂದ ಒಮ್ಮೆ ಪರೀಕ್ಷಿಸಿ. ಯಾವ ದ್ರವ ಬಳಸಬೇಕೆಂದಿದ್ದೀರೋ ಅದನ್ನೇ ಸ್ವಲ್ಪ ಮುಟ್ಟಿಸಿ. ಹತ್ತಿಗೆ ನೀಲಿ ಬಂದರೆ ಆ ನೀಲಿ ಕಲ್ಲಿನದಲ್ಲ, ಯಾರೋ ಕುಡಿಸಿದ್ದು. ಅಂಥ ಹರಳಿನ ಕಲೆ ತೆಗೆಯಲು ಹೋದರೆ ಕಲೆಯ ಜೊತೆ ಬಣ್ಣವೂ ಹೋಗುತ್ತದೆ. ಅಲ್ಲಿಗೇ ನಿಲ್ಲಿಸುವುದು ವಾಸಿ.

ಇದು ಯಾವ ಕಲೆ?

ಕಣ್ಣಿಗೆ ಎಲ್ಲ ಕಲೆಯೂ ಒಂದೇ ಥರ. ಕೆಲಸಕ್ಕೆ ಕೂತಾಗ ಮಾತ್ರ ಮೂರು ಬೇರೆ ಬೇರೆ ಸಂಗತಿ. ಭೂತಗನ್ನಡಿಯಲ್ಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಅಕ್ಕಸಾಲಿಗರ ಲೂಪ್ ಇದ್ದರೆ ಇನ್ನೂ ಒಳ್ಳೆಯದು, ನಿಧಾನವಾಗಿ ನೋಡಬೇಕು.

ಕೆಲವು ಕಲೆ ಮೇಲಿನ ಗುಳಿಗಳಲ್ಲಿ ಮಾತ್ರ ಕೂತಿರುತ್ತದೆ. ಚುಕ್ಕೆ ಚುಕ್ಕೆಯಾಗಿ, ಅಂಚು ಚೂಪಾಗಿ ಕಾಣುತ್ತದೆ. ರೂಜ್, ಹಸಿರು ಪಾಲಿಶ್, ಬೆಳ್ಳಿಯ ಕಪ್ಪು ಹುಡಿ ಈ ಗುಂಪಿನವು. ಇನ್ನು ಕೆಲವು ನಿಜವಾಗಿಯೂ ಒಳಗೆ ಇಳಿದಿರುತ್ತವೆ. ಅಂಚು ಮಸುಕು, ಮೋಡದ ಹಾಗೆ ಹರಡಿರುತ್ತದೆ. ಎಣ್ಣೆ, ಮೇಣ, ಶಾಯಿ, ಅರಿಶಿನ ಹೀಗೆ. ಮೂರನೆಯದು ಕಲೆಯೇ ಅಲ್ಲ, ಗಾಯ. ಆಮ್ಲ ತಾಗಿ ಮುತ್ತಿನ ಹೊಳಪು ಸತ್ತಿರುತ್ತದೆ, ಬಿಸಿ ತಾಗಿ ಫಿರೋಜಾ ಬಣ್ಣಗೆಟ್ಟಿರುತ್ತದೆ. ಅಲ್ಲಿ ತೆಗೆಯಲು ಹೊರಗಿನದು ಏನೂ ಇಲ್ಲ. ಕಲ್ಲೇ ಬದಲಾಗಿದೆ. ಗಾಯವನ್ನು ಕಲೆ ಎಂದುಕೊಂಡು ಒಂದರ ಮೇಲೊಂದು ದ್ರವ ಹಚ್ಚುತ್ತಾ ಹೋದರೆ ಇದ್ದದ್ದೂ ಹಾಳಾಗುತ್ತದೆ. ಈ ತಪ್ಪನ್ನು ನಾನು ತುಂಬಾ ಸಲ ನೋಡಿದ್ದೇನೆ.

ನನ್ನ ಉಂಗುರದ್ದು ಮೊದಲನೆಯ ಬಗೆ. ರೂಜ್ ಎಂದರೆ ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಬಣ್ಣದ ಅತಿ ನುಣುಪಾದ ಪುಡಿ. ಅದನ್ನು ಮೇಣ, ಕೊಬ್ಬಿನಲ್ಲಿ ಕಲಸಿ ಗಟ್ಟಿ ಮಾಡಿರುತ್ತಾರೆ. ಚಕ್ರ ತಿರುಗುವಾಗ ಬಿಸಿಯಾಗಿ ಆ ಕೊಬ್ಬು ಕರಗುತ್ತದೆ, ಪುಡಿಯನ್ನು ಹೊತ್ತು ಗುಳಿಗಳಿಗೆ ಇಳಿಯುತ್ತದೆ. ತಣ್ಣಗಾದ ಮೇಲೆ ಅಲ್ಲೇ ಹೆಪ್ಪುಗಟ್ಟುತ್ತದೆ. ನಾನು ಸೋಪುನೀರಿನಲ್ಲಿ ತಿಕ್ಕಿದಾಗ ಕೊಬ್ಬು ಸ್ವಲ್ಪ ಬಿಟ್ಟುಕೊಂಡಿತು. ಬಿಡುಗಡೆಯಾದ ಕೆಂಪು ಪುಡಿಯನ್ನು ಬ್ರಶ್ಶು ಪಕ್ಕದ ಖಾಲಿ ಗುಳಿಗಳಿಗೆ ತುಂಬಿತು. ಒಂದು ಜಾಗದ ಕಲೆಯನ್ನು ಹತ್ತು ಜಾಗಕ್ಕೆ ನಾನೇ ಹಂಚಿದ್ದೆ.

ಇದಕ್ಕೆ ಸರಿಯಾದ ಕ್ರಮ ಬೇರೆ. ಮೊದಲು ಒಣಗಿದ ಸ್ಥಿತಿಯಲ್ಲೇ, ಮರದ ಹಲ್ಲುಕಡ್ಡಿಯ ತುದಿಯನ್ನು ಚೂಪು ಮಾಡಿಕೊಂಡು, ಲೂಪಿನಲ್ಲಿ ನೋಡುತ್ತಾ ಒಂದೊಂದೇ ಗುಳಿಯಿಂದ ಎಬ್ಬಿ ತೆಗೆಯಬೇಕು. ಎಬ್ಬಿದ್ದನ್ನು ಮೆತ್ತನೆಯ ಬಿಳಿ ರಬ್ಬರಿಗೆ ಅಂಟಿಸಿ ಎತ್ತಬೇಕು. ಹೌದು, ಶಾಲೆಯ ಮಕ್ಕಳ ಅಳಿಸುವ ರಬ್ಬರೇ. ಬಿಳಿ ಹೌಲೈಟ್ ಮೇಲೆ ಬೆಳ್ಳಿ ಉಜ್ಜಿ ಆದ ಬೂದುಗೆರೆಯನ್ನೂ ಅದು ಚೆನ್ನಾಗಿ ತೆಗೆಯುತ್ತದೆ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಮೆದು ಸೋಪು ಹಾಕಿ, ಹತ್ತಿಯ ಕಡ್ಡಿ ಅದ್ದಿ ಹಿಂಡಿ, ಗುಳಿಯ ಮೇಲೆ ಒತ್ತಿ ಎತ್ತಬೇಕು. ಒರೆಸಬಾರದು. ಒಂದು ಸಲ ಒತ್ತಿದ ಹತ್ತಿಯನ್ನು ಮತ್ತೆ ಬಳಸಬಾರದು. ಇದೆಲ್ಲಾ ತುಂಬಾ ನಿಧಾನ. ಒಂದು ಹರಳಿಗೆ ಒಂದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ.

ಪಟ್ಟು ಹಾಕುವುದು

ಒಳಗೆ ಇಳಿದ ಕಲೆಗೆ ಇದು ಸಾಲದು. ಅದನ್ನು ಒಳಗಿನಿಂದಲೇ ಹೊರಗೆ ಎಳೆಯಬೇಕು. ಬಾವು ಬಂದ ಜಾಗಕ್ಕೆ ಅಜ್ಜಿಯರು ಪಟ್ಟು ಹಾಕುತ್ತಿದ್ದರಲ್ಲ, ಹರಳಿಗೂ ಹಾಗೆ ಪಟ್ಟು ಹಾಕಬಹುದು. ಎಣ್ಣೆಸ್ನಾನದ ದಿನ ಮೈಗೆ ಹಚ್ಚಿದ ಎಣ್ಣೆಯನ್ನು ಕಡಲೆಹಿಟ್ಟು ಹೇಗೆ ಹೀರಿಕೊಳ್ಳುತ್ತದೆಂದು ನಮಗೆ ಗೊತ್ತು. ಇಲ್ಲಿರುವುದೂ ಅದೇ ತತ್ವ. ಕಲ್ಲಿಗೆ ಅಂಟಿಕೊಂಡ ಹಾಗೆ ಒಂದು ನುಣುಪಾದ ಪುಡಿಯ ಪದರ ಇಟ್ಟರೆ ಕಲೆಗೆ ಹೊರಗೆ ಬರಲು ಒಂದು ದಾರಿ ಸಿಗುತ್ತದೆ.

ಎಣ್ಣೆಯ ಕಲೆ ಹೊಸದಾಗಿದ್ದರೆ ದ್ರವವೇ ಬೇಡ. ಪರಿಮಳವಿಲ್ಲದ ಟಾಲ್ಕ್ ಪುಡಿಯಲ್ಲೋ ಬಿಳಿ ಜೇಡಿಪುಡಿಯಲ್ಲೋ ಹರಳನ್ನು ಹೂತು, ಎರಡು ಮೂರು ದಿನ ಬಿಟ್ಟುಬಿಡಿ. ದಿನಕ್ಕೊಮ್ಮೆ ಪುಡಿ ಬದಲಿಸಿ. ಎಣ್ಣೆ ಹಾಕಿ ಓಡಿಸುವ ಗರಗಸದಲ್ಲಿ ಕಲ್ಲು ಕೊಯ್ಯುವವರು ಜೇಡಿಮಣ್ಣನ್ನು ಈಗಲೂ ಹೀಗೇ ಬಳಸುತ್ತಾರೆ. ಮುಲ್ತಾನಿ ಮಿಟ್ಟಿಯೂ ಎಣ್ಣೆ ಚೆನ್ನಾಗಿ ಎಳೆಯುತ್ತದೆ. ಆದರೆ ಅದರಲ್ಲಿ ಕಬ್ಬಿಣದ ಹಳದಿ ಇರುತ್ತದೆ. ಒಣಗಿದ ಪುಡಿಯಾಗಿ ಸರಿ, ಬಿಳಿ ಕಲ್ಲಿಗೆ ಒದ್ದೆಯಾಗಿ ಮೆತ್ತಬೇಡಿ.

ಹಳೆಯ ಕಲೆಗೆ ದ್ರವ ಬೇಕು. ಕಲೆ ಯಾವುದರಲ್ಲಿ ಕರಗುತ್ತದೋ ಅದರಲ್ಲಿ ಪುಡಿಯನ್ನು ಕಲಸಬೇಕು. ಎಣ್ಣೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಅಸಿಟೋನ್. ಸಕ್ಕರೆ, ಚಹಾ, ನೀರಿನ ಬಣ್ಣಕ್ಕೆ ಶುದ್ಧ ನೀರು. ಇಡ್ಲಿಹಿಟ್ಟಿಗಿಂತ ಗಟ್ಟಿಯಾಗಿ, ಜಾರದ ಹಾಗೆ ಕಲಸಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಕಲೆಯ ಮೇಲೆ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡಿ. ಈ ಹೊತ್ತಿನಲ್ಲಿ ದ್ರವ ಒಳಗೆ ಹೋಗಿ ಕಲೆಯನ್ನು ಕರಗಿಸುತ್ತದೆ. ಆಮೇಲೆ ಹಾಳೆ ತೆಗೆದು ಒಣಗಲು ಬಿಡಿ. ಅಸಲಿ ಕೆಲಸ ನಡೆಯುವುದು ಈಗ. ಪಟ್ಟಿನ ಹೊರಮೈಯಿಂದ ದ್ರವ ಆರುತ್ತದೆ. ಆರಿದಷ್ಟೂ ಕಲ್ಲಿನೊಳಗಿನ ದ್ರವ ಹೊರಗೆ ಬರುತ್ತದೆ. ಬರುವಾಗ ಕರಗಿದ ಕಲೆಯನ್ನೂ ತರುತ್ತದೆ. ಕಲೆ ಕಲ್ಲಿನಲ್ಲಿ ನಿಲ್ಲದೆ ಪಟ್ಟಿನಲ್ಲಿ ನಿಲ್ಲುತ್ತದೆ.

ಮಳೆಗಾಲ ಮುಗಿದ ಮೇಲೆ ಹಳೆಯ ಮನೆಯ ಗೋಡೆಯಲ್ಲಿ ಬಿಳಿ ಉಪ್ಪು ಏಳುವುದನ್ನು ನೋಡಿರುತ್ತೀರಿ. ನೀರು ಎಲ್ಲಿ ಆರುತ್ತದೋ ಅಲ್ಲಿ ಅದು ಹೊತ್ತು ತಂದದ್ದು ಉಳಿಯುತ್ತದೆ. ಪಟ್ಟು ಇಲ್ಲದೆ ಸುಮ್ನೆ ಆಲ್ಕೊಹಾಲ್ ಹಚ್ಚಿ ಬಿಟ್ಟರೆ ದ್ರವ ಕಲ್ಲಿನ ಮೈಯಲ್ಲೇ ಆರುತ್ತದೆ. ಆಗ ಕಲೆ ಕಲ್ಲಿನ ಅಂಚಿನಲ್ಲಿ ಉಂಗುರದ ಹಾಗೆ ಗಟ್ಟಿಯಾಗುತ್ತದೆ. ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ದ್ರವ ಎಷ್ಟು ಒಳ್ಳೆಯದು ಎನ್ನುವುದಕ್ಕಿಂತ ಅದು ಎಲ್ಲಿ ಆರುತ್ತದೆ ಎನ್ನುವುದೇ ಮುಖ್ಯ.

ನೀರಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಬಕೆಟ್ಟಿನ ಅಂಚಿಗೆ ಬಿಳಿ ಕಟ್ಟುವ ಆ ನೀರೇ ಹರಳಿನೊಳಗೆ ಹೋಗಿ ಆರಿದರೆ ಅಲ್ಲೂ ಬಿಳಿ ಕಟ್ಟುತ್ತದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು, ಅಂದರೆ ಬಟ್ಟಿ ಇಳಿಸಿದ ನೀರು, ತಂದಿಟ್ಟುಕೊಳ್ಳಿ. ಕೇಳುವಾಗ ನೀರು ಎಂದು ಒತ್ತಿ ಹೇಳಿ. ಬ್ಯಾಟರಿಗೆ ಹಾಕುವ ಆಮ್ಲವೇ ಬೇರೆ. ಇನ್ನೊಂದು ಮಾತು: ಅಸಿಟೋನ್ ಮತ್ತು ಆಲ್ಕೊಹಾಲ್‌ಗೆ ಬಲು ಬೇಗ ಬೆಂಕಿ ಹತ್ತುತ್ತದೆ. ಬೆಸುಗೆಯ ಟಾರ್ಚ್ ಇರುವ ಮೇಜಿನ ಹತ್ತಿರ ಅವು ಬೇಡ. ಕಿಟಕಿ ತೆರೆದ ಕೋಣೆಯಲ್ಲಿ ಮಾಡಿ.

ದ್ರವ ಸೋಕುವ ಮೊದಲೇ ಎಬ್ಬಿ ತೆಗೆಯಬೇಕಾದದ್ದು ಅರಗು. ಹರಳು ಕೂರಿಸುವಾಗ ಒಡವೆಯನ್ನು ಅರಗಿನ ಕೋಲಿಗೆ ಹಿಡಿಸುವುದು ನಮ್ಮ ಅಕ್ಕಸಾಲಿಗರ ಹಳೆಯ ಪದ್ಧತಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಹಾಗಂತ ನೇರವಾಗಿ ಆಲ್ಕೊಹಾಲಿಗೆ ಹಾಕಿದರೆ ಕರಗಿದ ಕಂದು ಅರಗು ಫಿರೋಜಾದ ಒಳಗೇ ಇಳಿಯುತ್ತದೆ. ಮೊದಲು ತಣ್ಣಗೆ ಮಾಡಿ. ತಣ್ಣಗಾದ ಅರಗು ಬಿರುಸಾಗಿ, ಚಿಟ್ಟನೆ ಒಡೆದು ಬರುತ್ತದೆ. ಕೊನೆಗೆ ಉಳಿದ ತೆಳು ಪೊರೆಗೆ ಮಾತ್ರ ಆಲ್ಕೊಹಾಲ್ ಮುಟ್ಟಿಸಿದ ಹತ್ತಿ ಸಾಕು.

ಒಂದೊಂದು ಕಲ್ಲಿಗೆ ಒಂದೊಂದು ಗುಣ

ಮುತ್ತು, ಹವಳ ಎರಡೂ ಸುಣ್ಣದ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಚಿನ್ನ ಬೆಳಗಲು ಹುಣಸೆನೀರು, ನಿಂಬೆಹುಳಿ, ಪಟಿಕ ಬಳಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಚಿನ್ನಕ್ಕೆ ಅದು ಒಳ್ಳೆಯದೇ. ಆದರೆ ಮೊಟ್ಟೆಚಿಪ್ಪಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಗುಳ್ಳೆ ಏಳುತ್ತದೆ. ಮುತ್ತು ಕೂಡ ಹಾಗೇ ಕರಗುತ್ತದೆ. ಮುತ್ತಿನ ಓಲೆಯನ್ನು ಹುಣಸೆನೀರಿನಲ್ಲಿ ಅದ್ದಿದರೆ ಚಿನ್ನ ಫಳಫಳ, ಮುತ್ತು ಮಂಕು. ಆ ಮಂಕಿಗೆ ಮದ್ದಿಲ್ಲ.

ಹಳೆಯ ತಾಳಿಸರ ಬಿಚ್ಚಿ ಹೊಸದಾಗಿ ಪೋಣಿಸಲು ಬಂದಾಗ ಹವಳ ಅರಿಶಿನ ಕುಡಿದಿರುತ್ತದೆ. ಇಲ್ಲಿ ಸೋಪು ಹಾಕಿದ ಕೂಡಲೇ ಹಳದಿ ಕೆಂಪಾಗುತ್ತದೆ. ಹೆದರಬೇಡಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಆರತಿಯ ನೀರು ಕೆಂಪಾಗುತ್ತದಲ್ಲ, ಅದೇ. ಸೋಪಿನ ಕ್ಷಾರ ಹೋದರೆ ಮತ್ತೆ ಹಳದಿಯಾಗುತ್ತದೆ. ಅರಿಶಿನದ ಬಣ್ಣ ಬೆಳಕಿಗೆ ನಿಲ್ಲುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ನೇರ ಬಿಸಿಲು ಬೀಳದ ಆದರೆ ಚೆನ್ನಾಗಿ ಬೆಳಕಿರುವ ಕಿಟಕಿಯಲ್ಲಿ ಕೆಲವು ದಿನ ಇಟ್ಟರೆ ತಾನೇ ತೆಳುವಾಗುತ್ತದೆ. ಬಣ್ಣ ಹಾಕಿದ ಹವಳವಾದರೆ ಆ ಬಣ್ಣವೂ ಬೆಳಕಿಗೆ ಮಾಸಬಹುದು, ಗಮನವಿರಲಿ.

ಲ್ಯಾಪಿಸ್‌ಗೂ ಆಮ್ಲ ಆಗದು. ತಾಗಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹಸಿರು ಬಣ್ಣದ ಮಲಕೈಟ್ ಕೂಡ ಆಮ್ಲಕ್ಕೆ ಕರಗುವ ಕಲ್ಲು, ಅಮೋನಿಯಾವನ್ನೂ ತಡೆಯದು. ಕಬ್ಬಿಣದ ಕಲೆಗೆ ಆಕ್ಸಾಲಿಕ್ ಆಮ್ಲ ಒಳ್ಳೆಯದು ಎಂದು ಸ್ಫಟಿಕ ತೊಳೆಯುವವರು ಹೇಳುವುದು ನಿಜ. ಆದರೆ ಅದು ಸ್ಫಟಿಕಕ್ಕೆ ಮಾತ್ರ. ಈ ಲೇಖನದ ಹೆಚ್ಚಿನ ಹರಳುಗಳಿಗೆ ಅದು ವಿಷವೇ. ಮನುಷ್ಯರಿಗೂ ವಿಷ. ಹಾಗೆಯೇ ಒಡವೆ ತೊಳೆಯುವ ಅಲ್ಟ್ರಾಸೋನಿಕ್ ತೊಟ್ಟಿ, ಹಬೆಯಂತ್ರ ಇವುಗಳ ಹತ್ತಿರಕ್ಕೂ ಮುತ್ತು, ಹವಳ, ಓಪಲ್, ಫಿರೋಜಾ ಒಯ್ಯಬೇಡಿ.

ಫಿರೋಜಾದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ಇದು ತಾಮ್ರ, ಅಲ್ಯೂಮಿನಿಯಂ ಸೇರಿದ ಫಾಸ್ಫೇಟ್, ಒಳಗೆ ನೀರೂ ಇದೆ. ಮೈಯ ಎಣ್ಣೆ ಕುಡಿದು ಕುಡಿದು ವರ್ಷಗಳ ಮೇಲೆ ನೀಲಿ ಹಸಿರಿಗೆ ತಿರುಗುವುದು ಇದರ ಸ್ವಭಾವ. ಅದಕ್ಕೇ ಇವತ್ತು ಮಾರುಕಟ್ಟೆಯಲ್ಲಿರುವ ಹೆಚ್ಚಿನ ಫಿರೋಜಾಕ್ಕೆ ಮೊದಲೇ ರಾಳವನ್ನೋ ಮೇಣವನ್ನೋ ಕುಡಿಸಿ ಸಂದು ಮುಚ್ಚಿರುತ್ತಾರೆ. ಅಂಥ ಹರಳಿಗೆ ಅಸಿಟೋನ್ ಹಾಕಿದರೆ ಆ ಕಾಪೇ ಕಿತ್ತು ಹೋಗಬಹುದು. ಒಂದು ಹನಿ ನೀರು ಬೆನ್ನಿನ ಮೇಲಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಸಂದು ಮುಚ್ಚಿದೆ. ಬೇಗ ಹೀರಿದರೆ ತೆರೆದಿದೆ. ಅಮೆರಿಕದ ನೈಋತ್ಯ ಭಾಗದ ನವಾಹೊ ಬೆಳ್ಳಿಗೆಲಸದಲ್ಲಿ ಫಿರೋಜಾದ ಕೆಳಗೆ ಮರದ ಹೊಟ್ಟು ತುಂಬುವ ಪದ್ಧತಿ ಇದೆ. ಹಳೆಯ ನವಾಹೊ ಉಂಗುರವನ್ನು ನೀರಿನಲ್ಲಿ ನೆನೆಸಿದರೆ ಹೊಟ್ಟು ಉಬ್ಬಿ ಹರಳನ್ನೇ ಸಡಿಲ ಮಾಡುತ್ತದೆ. ಕಲೆ ತೆಗೆಯುವಾಗ ಹರಳಿನ ಕೆಳಗೆ ಏನಿದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಪಟ್ಟಿಗೂ ಬಾರದ ಕಲೆ ಇದ್ದರೆ ಉಳಿಯುವ ದಾರಿ ಮೇಲಿನ ಪದರವನ್ನೇ ತೆಗೆಯುವುದು. ಒದ್ದೆ ಮಾಡಿದ 600ರ ಉಜ್ಜುಕಾಗದದಿಂದ ಶುರುಮಾಡಿ 1200, ಆಮೇಲೆ ಇನ್ನೂ ನುಣುಪಿನದು. ಕೂದಲೆಳೆಯಷ್ಟು ದಪ್ಪ ಹೋದರೆ ಎಷ್ಟೋ ಸಲ ಕಲೆಯೂ ಹೋಗುತ್ತದೆ. ಒಣ ಉಜ್ಜಬೇಡಿ, ಆ ಧೂಳು ಎದೆಗೆ ಕೆಟ್ಟದು. ಮುತ್ತಿಗೆ ಇದು ಸಲ್ಲದು. ಅದರ ಹೊಳಪೆಲ್ಲ ಇರುವುದು ಆ ತೆಳು ಪದರಗಳಲ್ಲೇ.

ಇಷ್ಟೆಲ್ಲಾ ಪಾಡು ಬೇಡ ಎಂದರೆ ಕೆಲಸದ ಸರದಿ ಬದಲಿಸಬೇಕು. ಬೆಸುಗೆ, ಆಮ್ಲದ ತೊಳೆತ, ಬೆಳ್ಳಿ ಕಪ್ಪು ಮಾಡುವುದು, ಹೊಳಪು, ಎಲ್ಲ ಮುಗಿದ ಮೇಲೆ ಹರಳು ಕೂರಿಸಿ. ಆಮ್ಲದಿಂದ ತೆಗೆದ ಬೆಳ್ಳಿಯನ್ನು ಅಡುಗೆ ಸೋಡಾ ನೀರಿನಲ್ಲಿ ಅದ್ದಿ, ಚೆನ್ನಾಗಿ ತೊಳೆಯಿರಿ. ಹರಳು ಕೂರುವ ಗೂಡಿನ ಮೂಲೆಯಲ್ಲಿ ಉಳಿದ ಒಂದು ಹನಿ ಆಮ್ಲ ಹರಳು ಕೂರಿಸಿದ ಮೇಲೂ ಮೆಲ್ಲಗೆ ತಿನ್ನುತ್ತಲೇ ಇರುತ್ತದೆ. ಕೊನೆಯಲ್ಲಿ ಅಂಚು ಮಡಿಸಿದ ಗುರುತು ಅಳಿಸಲು ಯಂತ್ರ ಬೇಡ. ಹರಳಿಗೆ ಕಾಗದದ ಟೇಪ್ ಅಂಟಿಸಿ, ಉಕ್ಕಿನ ಒಪ್ಪಗೋಲಿನಿಂದ ಕೈಯಲ್ಲೇ ತೀಡಿ.

ವೆಲೋ ಓಪಲ್‌ಗೆ ಮಾತ್ರ ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಕೆಲಸ ಶುರುಮಾಡುವ ಮೊದಲು, ಒಣಗಿರುವಾಗಲೇ, ತೂಕ ಬರೆದಿಡಿ. ಪಟ್ಟು ಹಾಕಿ ತೆಗೆದ ಮೇಲೆ ಕಣ್ಣಿಗೆ ಒಣಗಿದ ಹಾಗೆ ಕಂಡರೂ ಒಳಗೆ ಇನ್ನೂ ನೀರಿರುತ್ತದೆ. ಬಿಸಿಲಿಗಾಗಲಿ ದೀಪದ ಕೆಳಗಾಗಲಿ ಇಟ್ಟು ಅವಸರ ಮಾಡಿದರೆ ಬಿರುಕು ಬಿಡಬಹುದು. ನೆರಳಲ್ಲಿ ಬಟ್ಟೆಯ ಮೇಲಿಟ್ಟು ದಿನಕ್ಕೊಮ್ಮೆ ತೂಗಿ. ಬರೆದಿಟ್ಟ ಅಂಕಿಗೆ ತೂಕ ಮರಳುವವರೆಗೆ ಅದನ್ನು ಗೂಡಿಗೆ ಕೂರಿಸಬೇಡಿ. ಕಲೆ ಹೋಯಿತೋ ಇಲ್ಲವೋ ಎಂದು ನೋಡಬೇಕಾದದ್ದೂ ಆ ದಿನವೇ.